ರಿಮೋಟ್ ಹಿಡಿದವಳು

ಅರಕಲಗೂಡು ತಾಲ್ಲೂಕು
14 ಜುಲೈ 2025

ಅಪ್ಪನಿಗೆ ಭವ್ಯಶ್ರೀಯ ನಮಸ್ಕಾರ.

ಊರಿನ ಹೆಸರು ಬರೆದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಒಂದು ವರ್ಷ ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಮೇಲಿನ ಸಿಟ್ಟು ಇಳಿದಿದೆ ಅಂತಲ್ಲ. ನಾನು ಬದುಕಿದ್ದೇನೆ ಅಂತ ಅಮ್ಮನಿಗೆ ಗೊತ್ತಾಗಲಿ ಅಂತ. ಅವಳಿಗೆ ಓದಿ ಹೇಳಿ. ಸಿಟ್ಟಿನ ಜಾಗಗಳನ್ನು ಬಿಟ್ಟು ಓದಿ.

ಫೋನ್ ಇಟ್ಟುಕೊಂಡಿಲ್ಲ. ಮನೆ ಬಿಟ್ಟು ಬಂದು ನಾನು ಅಡಗಿದ್ದ ಹಾಸನದ ಹಾಸ್ಟೆಲ್ಲಿಗೆ ಹರ್ಷ ಹೇಗೆ ಬಂದ ಅಂತ ನಿಮಗೆ ಗೊತ್ತಿದೆ. ನನ್ನ ಫೋನಿನಲ್ಲೇ ಏನೋ ಹಾಕಿಟ್ಟಿದ್ದ, ನಾನು ಎಲ್ಲಿದ್ದೇನೆ ಅಂತ ಅದೇ ಅವನಿಗೆ ಹೇಳುತ್ತಿತ್ತು. ಅವತ್ತು ಎರಡು ಪಕ್ಕೆಲುಬು ಮುರಿದ. ನೀವು ಆಸ್ಪತ್ರೆಗೆ ಬಂದಿರಿ, ಹಣ್ಣು ತಂದಿರಿ, "ಗಂಡ ಹೆಂಡ್ರು ಜಗಳ, ಒಸಿ ತಾಳ್ಕಂಡು ಓಗವ್ವ" ಅಂದಿರಿ. ಪಟ್ಟಿ ಬಿಚ್ಚಿದ ಮಾರನೇ ದಿನವೇ ಚನ್ನರಾಯಪಟ್ಟಣಕ್ಕೆ, ಅವನ ಮನೆಗೇ, ಬಸ್ಸು ಹತ್ತಿಸಿದಿರಿ. ಅದು ಎರಡನೇ ಸಲ. ಮೂರನೇ ಸಲಕ್ಕೆ ನಾನು ನಿಮ್ಮನ್ನು ಕೇಳಲಿಲ್ಲ, ಹೊರಟುಬಿಟ್ಟೆ.

ಈಗ ನಾನು ಡ್ರೋನ್ ಓಡಿಸುತ್ತೇನೆ. ನಗಬೇಡಿ. ಇಲ್ಲಿನ ಹೆಂಗಸರ ಸಂಘಕ್ಕೆ ಔಷಧಿ ಹೊಡೆಯುವ ಡ್ರೋನ್ ಬಂದಿದೆ. ಓಡಿಸುವುದಕ್ಕೆ ಓದಿದವರು ಬೇಕಿತ್ತು. ಟ್ರೈನಿಂಗಿಗೆ ಹೋಗಿ ಲೈಸೆನ್ಸ್ ತಗೊಂಡೆ. ಶುಂಠಿ, ಹೊಗೆಸೊಪ್ಪು, ಆಲೂಗಡ್ಡೆ, ಯಾವ ಹೊಲಕ್ಕೆ ಕರೆದರೂ ಹೋಗುತ್ತೇವೆ. ಮಾದಮ್ಮಕ್ಕ ಅಂತ ಸಂಘದ ಯಜಮಾನಿ, ಅವಳ ಮನೆಯಲ್ಲೇ ಇದ್ದೇನೆ. ನಾನು ರಿಮೋಟ್ ಹಿಡಿದು ಬದುವಿನ ಮೇಲೆ ನಿಂತರೆ ಅವಳು ಔಷಧಿ ಕಲಸುವುದು, ಬ್ಯಾಟರಿ ಬದಲಾಯಿಸುವುದು ಮಾಡುತ್ತಾಳೆ.

ಒಂದೇ ಭಯ. ನಿಮ್ಮ ಅಳಿಯ ಕೀಟನಾಶಕ ಮಾರುವವನು, ನಾಲ್ಕು ತಾಲ್ಲೂಕಿನ ಗದ್ದೆ ಹೊಲ ತಿರುಗುವವನು. ಆದರೆ ಕೆಲಸದ ಹೊತ್ತಿಗೆ ನನ್ನ ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಮಾಸ್ಕು, ಮಂಡಿವರೆಗೆ ಕೋಟು. ಎದುರಿಗೆ ಬಂದರೆ ಅಮ್ಮನೂ ಗುರುತು ಹಿಡಿಯಲಾರಳು. ಅವನಿಗೆ ಇನ್ನೊಂದು ಸಲ ಸಿಕ್ಕಿದರೆ ನಾನು ಉಳಿಯುವುದಿಲ್ಲ. ಅದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಬರೆಯುವುದಾದರೆ ಅರಕಲಗೂಡು ಬಸ್ ಸ್ಟ್ಯಾಂಡ್ ಹತ್ತಿರದ ಟೈಲರ್ ನಂಜಪ್ಪನವರ ಹೆಸರಿಗೆ ಕಳಿಸಿ. ಲಕೋಟೆಯ ಮೇಲೆ ನನ್ನ ಹೆಸರು ಬೇಡ.

ಇಂತಿ,
ಭವ್ಯಶ್ರೀ

*

ಮೊಸಳೆ
ಹಾಸನ ತಾಲ್ಲೂಕು
27 ಜುಲೈ 2025

ಮಗಳು ಭವ್ಯಳಿಗೆ ರಂಗಸ್ವಾಮಿ ಮಾಡುವ ಆಶೀರ್ವಾದ.

ಸಿಟ್ಟಿನ ಜಾಗ ಬಿಟ್ಟು ಓದಿ ಅಂತ ಬರೆದಿದ್ದೀಯ. ಅದನ್ನೆಲ್ಲ ಬಿಟ್ಟರೆ ಉಳಿಯುವುದು ನಮಸ್ಕಾರ ಒಂದೇ. ಅದನ್ನೇ ಎರಡು ಸಲ ಓದಿದೆ. ನಿಮ್ಮಮ್ಮ ಬಿಡಬೇಕಲ್ಲ! "ಇಷ್ಟುದ್ದ ಬರ್ದವ್ಳೆ, ಇಷ್ಟೇಯಾ?" ಅಂತ ಹಿಡಿದುಕೊಂಡಳು. ಕೊನೆಗೆ ಪೂರ್ತಿ ಓದಿದೆ. ಪಕ್ಕೆಲುಬಿನ ಜಾಗ ಬಂದಾಗ ಎದ್ದು ಹಿತ್ತಲಿಗೆ ಹೋದಳು.

ನಾನು ಮಾಡಿದ್ದು ಸರಿ ಅಂತ ವಾದ ಮಾಡುವುದಿಲ್ಲ. ನಾಲ್ಕು ಜನರ ಮುಂದೆ ಮಗಳು ಗಂಡನ ಮನೆ ಬಿಟ್ಟಳು ಅನ್ನಿಸಿಕೊಳ್ಳಬಾರದು ಅನ್ನುವುದೊಂದೇ ಆಗ ತಲೆಯಲ್ಲಿತ್ತು. ಆ ನಾಲ್ಕು ಜನ ಇಷ್ಟು ದಿನದಲ್ಲಿ ನೀನು ಇದ್ದೀಯೋ ಸತ್ತೆಯೋ ಅಂತ ಒಬ್ಬನೂ ಕೇಳಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಿ ಆಗುವುದಿಲ್ಲ, ಇಷ್ಟಕ್ಕೇ ತಿಳಿದುಕೊ.

ನಿಮ್ಮಮ್ಮ ಕೇಳಿದಳು, ಮಾದಮ್ಮ ಅಂದರೆ ಯಾರ ಪೈಕಿ ಅಂತ. ಗದರಿಸಿ ಕೂರಿಸಿದೆ. ಆದರೂ ಬರೆ.

ಆ ಡ್ರೋನು ಎಂಥದ್ದು, ಎಷ್ಟು ದೊಡ್ಡದು ಅಂತ ದಿನಾ ಕೇಳುತ್ತಾಳೆ. ಒಂದು ಫೋಟೊ ಕಳಿಸಿದರೆ ಅವಳ ಬಾಯಿ ಮುಚ್ಚಬಹುದು.

ಇತಿ,
ರಂಗಸ್ವಾಮಿ

*

ಅರಕಲಗೂಡು ತಾಲ್ಲೂಕು
20 ಆಗಸ್ಟ್ 2025

ಅಪ್ಪನಿಗೆ,

ಯಾರ ಪೈಕಿ ಅಂತ ಅಮ್ಮ ಮಾತ್ರ ಕೇಳಿದ್ದೋ, ನೀವೂ ಕೇಳಿದ್ದೋ! ನಮ್ಮ ಗದ್ದೆಗೆ ಬರುತ್ತಿದ್ದ ಬೈರಯ್ಯನ ಕೇರಿ ಇದೆಯಲ್ಲ, ಇದೂ ಅಂಥದೇ ಕೇರಿ. ಗೋಡೆಯ ಮೇಲೆ ಬುದ್ಧನ ಫೋಟೊ ಇದೆ. ಅದರ ಕೆಳಗೆ ನನ್ನ ಹಾಸಿಗೆ. ಅವರು ತೊಳಸಿದ ಮುದ್ದೆ ಉಣ್ಣುತ್ತೇನೆ, ಮೈ ತುಂಬಿಕೊಂಡಿದ್ದೇನೆ. ಇಲ್ಲಿಗೆ ಬಂದ ಹೊಸದರಲ್ಲಿ ಮಲಗಿದ್ದವಳು ಚೀರಿಕೊಂಡು ಏಳುತ್ತಿದ್ದೆ. ಮಾದಮ್ಮಕ್ಕ ಏನೂ ಕೇಳದೆ ತನ್ನ ಚಾಪೆಯನ್ನು ಬಾಗಿಲಿಗೆ ಅಡ್ಡ ಹಾಸಿಕೊಂಡು ಮಲಗಿದಳು. "ಬರೋನು ನನ್ ತುಳ್ಕಂಡೇ ಬರ್ಬೇಕು, ಮನಿಕ್ಕಳವ್ವ" ಅಂದಳು. ಇವತ್ತಿಗೂ ಅಲ್ಲೇ ಮಲಗುತ್ತಾಳೆ. ಅಮ್ಮನಿಗೆ ಇದನ್ನೂ ಓದಿ.

ಅವಳಿಗೆ ಡ್ರೋನ್ ಹಾರಿಸುವ ಆಸೆ. "ಒಂದ್ಸಲ ನನ್ ಕೈಗೂ ಕೊಡು, ನಿನ್ ಗಂಟೇನ್ ಓಯ್ತದೆ" ಅಂತ ಗೋಳು ಹುಯ್ದುಕೊಳ್ಳುತ್ತಾಳೆ. ಲೈಸೆನ್ಸ್ ಇಲ್ಲದವರ ಕೈಗೆ ಕೊಡುವ ಹಾಗಿಲ್ಲ, ಸಿಕ್ಕಿಬಿದ್ದರೆ ಸಂಘದ ಡ್ರೋನನ್ನೇ ಕಿತ್ತುಕೊಳ್ಳುತ್ತಾರೆ. ಕೊಡುವುದಿಲ್ಲ ಅಂದರೆ ಮುಖ ಊದಿಸಿಕೊಂಡು ಔಷಧಿ ಡಬ್ಬವನ್ನು ಧಡಾರ್ ಅಂತ ಇಡುತ್ತಾಳೆ. ಹತ್ತು ನಿಮಿಷಕ್ಕೆಲ್ಲ ಮತ್ತೆ ನಗು.

ಫೋಟೊ ಇಟ್ಟಿದ್ದೇನೆ. ಸ್ಟುಡಿಯೊದಲ್ಲಿ ದೊಡ್ಡದಾಗಿ ಹಾಕಿಸಿದ್ದು. ಡ್ರೋನ್ ಮಾತ್ರ ಇದೆ, ನಾನಿಲ್ಲ. ಅಮ್ಮ ನೋಡಿದ ಮೇಲೆ ಪೆಟ್ಟಿಗೆಯಲ್ಲಿಡಿ. ಯಾರಿಗೂ ತೋರಿಸಬೇಡಿ.

ಭವ್ಯ

*

ಮೊಸಳೆ
3 ಅಕ್ಟೋಬರ್ 2025

ಚಿರಂಜೀವಿ ಭವ್ಯಳಿಗೆ,

ಹಬ್ಬ ಚೆನ್ನಾಗಾಯಿತು. ಬಾಗಿಲಿಗೆ ಅಡ್ಡ ಮಲಗುವ ಮಾತು ಓದಿದ ಮೇಲೆ ನಿಮ್ಮಮ್ಮ ಪೈಕಿಯ ಸುದ್ದಿ ಎತ್ತಿಲ್ಲ. ಆ ಹೆಂಗಸಿಗೆ ಒಂದು ಸೀರೆ ತೆಗೆದಿಟ್ಟಿದ್ದಾಳೆ.

ಆಯುಧಪೂಜೆಯ ದಿನ ಒಂದು ತಮಾಷೆ ನಡೆಯಿತು. ಟ್ರ್ಯಾಕ್ಟರ್ ತೊಳೆದು ನಿಲ್ಲಿಸಿದ್ದೆ. ಮುಂದೆ ನೇಗಿಲು, ಗುದ್ದಲಿ, ಕುಡುಗೋಲು, ಹಾಲಿನ ಕ್ಯಾನು, ನಿಮ್ಮಮ್ಮನ ಮಿಕ್ಸಿ, ಎಲ್ಲಾ ಸಾಲಾಗಿ ಇಟ್ಟಿದ್ದೆ. ಮಂಗಳಾರತಿಗೆ ಕರ್ಪೂರ ಹಚ್ಚಬೇಕು, ಇವಳು ಒಳಗಿನಿಂದ ನಿನ್ನ ಡ್ರೋನಿನ ಫೋಟೊ ಹಿಡಿದುಕೊಂಡು ಬಂದಳು. ಬೇಡ ಕಣೇ, ಅವಳು ಯಾರಿಗೂ ತೋರಿಸಬೇಡಿ ಅಂದಿದ್ದಾಳೆ ಅಂದೆ. "ಎಲ್ಲಾದ್ಕೂ ಕುಂಕುಮ ಇಕ್ಕಿ, ನನ್ ಮಗಳ ಅನ್ನದ ಸಾಮಾನಿಗೆ ಇಕ್ಕಬ್ಯಾಡ ಅಂತೀರಾ? ಆಕಾಸ್ದಲ್ಲಿ ಓಡೋದು, ಏನಾರ ಆದ್ರೆ?" ಅಂದಳು. ವರ್ಷಕ್ಕೊಂದು ದಿನ ಪೂಜೆ ಕಾಣದ ಆಯುಧ ಮುನಿಯುತ್ತದೆ ಅನ್ನುವುದು ನನಗೂ ಮನಸ್ಸಿನಲ್ಲಿ ಇತ್ತು ಅನ್ನು. ಮುಖವಿಲ್ಲ, ಹೆಸರಿಲ್ಲ, ಬರೀ ಮಿಷನ್ನು ಅಂತ ಧೈರ್ಯ ಮಾಡಿ ಟ್ರ್ಯಾಕ್ಟರಿನ ಗಾಲಿಗೆ ಒರಗಿಸಿ ಇಟ್ಟೆ. ನಾಲ್ಕು ರೆಕ್ಕೆಗೂ ಬೊಟ್ಟಿಟ್ಟು, ಚೆಂಡುಹೂ ಮುಡಿಸಿ, ಬೂದುಗುಂಬಳ ಒಡೆದೆ.

ನಿನ್ನ ಚಿಕ್ಕಪ್ಪನ ಮಗ ಕೀರ್ತಿರಾಜ ಪೂಜೆಯ ಫೋಟೊ ಹೊಡೆದು ಸ್ಟೇಟಸ್ಸಿಗೆ ಹಾಕಿದ. "ಭವ್ಯಕ್ಕನ ಡ್ರೋನೂ ಪೂಜೇಲಿ" ಅಂತ ಕೆಳಗೆ ಬರೆದನಂತೆ. ಎಲ್ಲಿದ್ದೀಯ ಅಂತ ಅವನಿಗೇ ಗೊತ್ತಿಲ್ಲ, ಆದ್ದರಿಂದ ಗಾಬರಿಯಾಗಬೇಡ. ಚೆನ್ನಾಗಿದೆ ಅಂತ ತುಂಬಾ ಜನ ಹೇಳಿದರಂತೆ. ಮಗಳು ಏನು ಮಾಡುತ್ತಾಳೆ ಅಂತ ಹೇಳಿಕೊಳ್ಳುವುದಕ್ಕೆ ನನಗೂ ಒಂದು ಸಲ ಬಾಯಿ ಬಂತು.

ಇತಿ,
ರಂಗಸ್ವಾಮಿ

*

ಅರಕಲಗೂಡು ತಾಲ್ಲೂಕು
11 ಅಕ್ಟೋಬರ್ 2025

ಅಪ್ಪನಿಗೆ,

ಏನು ಮಾಡಿಬಿಟ್ಟಿರಿ! ಆ ಫೋಟೊದಲ್ಲಿ ಡ್ರೋನಿನ ರೆಕ್ಕೆಯ ಮೇಲೆ ಅದರ ನಂಬರ್ ಇದೆ. ವಾಹನಕ್ಕಿದ್ದ ಹಾಗೆ ಇದಕ್ಕೂ ನಂಬರ್ ಇರುತ್ತದೆ. ದೊಡ್ಡದಾಗಿ ಹಾಕಿಸಿದ ಫೋಟೊ, ಸ್ಟೇಟಸ್ಸಿನಲ್ಲಿ ಅಕ್ಷರ ಅಕ್ಷರ ಓದಬಹುದು.

ನಂಬರ್ ಸಿಕ್ಕಿದರೆ ಏನಾಗುತ್ತದೆ ಅಂತ ನಿಮಗೆ ಅನ್ನಿಸಬಹುದು. ನಾನೂ ಏನೂ ಆಗುವುದಿಲ್ಲ ಅಂದುಕೊಂಡು ಡ್ರೋನ್ ತಗೊಂಡು ಹಾಸನಕ್ಕೆ ರಿಪೇರಿಯವನ ಹತ್ತಿರ ಹೋದೆ. ಅವನು ಅಂಗಳದಲ್ಲಿ ನಮ್ಮ ಡ್ರೋನ್ ಹಾರಿಸಲು ಹೇಳಿ ತನ್ನ ಫೋನ್ ತೋರಿಸಿದ. ಈ ಹೊಸ ಡ್ರೋನು ಹಾರುವಾಗೆಲ್ಲ ತನ್ನ ನಂಬರು, ತಾನಿರುವ ಜಾಗ, ರಿಮೋಟ್ ಹಿಡಿದವರು ನಿಂತಿರುವ ಜಾಗ, ಮೂರನ್ನೂ ಸುತ್ತಮುತ್ತ ಸಾರುತ್ತಲೇ ಇರುತ್ತದೆ. ಒಂದು ಆಪ್ ಹಾಕಿಕೊಂಡರೆ ಒಂದು ಕಿಲೋಮೀಟರಿನೊಳಗೆ ಯಾರ ಫೋನಿನಲ್ಲಾದರೂ ಕಾಣುತ್ತದೆ. ಡ್ರೋನಿಗೊಂದು ಚುಕ್ಕೆ, ನನಗೊಂದು ಚುಕ್ಕೆ. ನಾನು ನಾಲ್ಕು ಹೆಜ್ಜೆ ಎಡಕ್ಕೆ ಹೋದೆ, ಚುಕ್ಕೆ ಎಡಕ್ಕೆ ಬಂತು. ಬಾಗಿಲ ಹಿಂದೆ ನಿಂತೆ, ಅಲ್ಲಿಗೂ ಬಂತು.

ಇದನ್ನು ಆಫ್ ಮಾಡಿಕೊಡಿ ಅಂದೆ. "ಅದ್ನ ಆಫ್ ಮಾಡಕಾಗಲ್ಲ ಮೇಡಂ, ಕಂಪನಿಯಿಂದಲೇ ಅಂಗೆ ಬರ್ತದೆ. ಒಳ್ಳೇದಕ್ಕೇ ಮಾಡವ್ರೆ. ತಪ್ಪು ಮಾಡ್ದೋರ್ಗೆ ಏನ್ ಭಯ?" ಅಂದ. ಸ್ಟೇಷನ್ನಿಗೂ ಹೋದೆ. ಗಂಡ ಏನಾದರೂ ಮಾಡಿದ ಮೇಲೆ ಬನ್ನಿ ಅಂದರು.

ಇಷ್ಟು ದಿನ ಚುಕ್ಕೆ ಕಂಡರೂ ಯಾರದ್ದು ಅಂತ ಗೊತ್ತಾಗುತ್ತಿರಲಿಲ್ಲ. ಜಿಲ್ಲೆಯಲ್ಲಿ ಎಷ್ಟೋ ಡ್ರೋನ್ ಹಾರುತ್ತವೆ. ಈಗ ಯಾವುದು ನನ್ನದು ಅಂತ ನೀವೇ ಕುಂಕುಮ ಇಟ್ಟು ತೋರಿಸಿದ್ದೀರಿ. ಹರ್ಷನ ನಂಬರ್ ಕೀರ್ತಿರಾಜನ ಫೋನಿನಲ್ಲಿದೆಯಾ? ಅವನು ಆ ಸ್ಟೇಟಸ್ ನೋಡಿದನಾ? ಅದೊಂದನ್ನು ಕೇಳಿ ಬೇಗ ಬರೆಯಿರಿ.

ಕೆಲಸ ಬಿಡುವ ಹಾಗಿಲ್ಲ. ಹೊಳೆನರಸೀಪುರದ ಕಡೆ ಭತ್ತಕ್ಕೆ ಬೆಂಕಿರೋಗ ಬಿದ್ದಿದೆ, ಮುಂದಿನ ತಿಂಗಳವರೆಗೆ ಒಪ್ಪಿಕೊಂಡಿದ್ದೇವೆ. ಸಂಘದ ಹನ್ನೊಂದು ಹೆಂಗಸರು ಇದನ್ನೇ ನಂಬಿಕೊಂಡಿದ್ದಾರೆ. ಮಾದಮ್ಮಕ್ಕನಿಗೆ ಇನ್ನೂ ಏನೂ ಹೇಳಿಲ್ಲ. ಹೇಳಿದರೆ ಕೆಲಸ ನಿಲ್ಲಿಸಿಬಿಡುತ್ತಾಳೆ.

ಭವ್ಯ

*

ಮೊಸಳೆ
19 ಅಕ್ಟೋಬರ್ 2025

ಭವ್ಯ,

ಕೀರ್ತಿರಾಜನ ಕೆನ್ನೆಗೆ ಬಾರಿಸಿದೆ. ನನ್ನ ಕೆನ್ನೆಗೆ ಬಾರಿಸುವವರು ಯಾರೂ ಇಲ್ಲ. ಹರ್ಷ ಅದನ್ನು ನೋಡಿದ್ದಾನೆ.

ಇನ್ನೊಂದು ಸಂಗತಿ. ನಾನು ಕಾಗದ ಹಾಕಿದ ಮಾರನೇ ದಿನ ಅವನು ಮನೆಗೇ ಬಂದಿದ್ದ. ಕಾಲಿಗೆ ಬಿದ್ದ. "ತಪ್ಪಾಯ್ತು ಮಾವ, ಕುಡ್ತ ಬುಟ್ಟಿದೀನಿ" ಅಂತ ಕಣ್ಣೀರು ಹಾಕಿದ. ನಿಮ್ಮಮ್ಮ ಕಾಫಿ ಕೊಟ್ಟಳು. ಭವ್ಯ ಆಕಾಶದಲ್ಲಿ ಔಷಧಿ ಹೊಡೆಯುತ್ತಾಳೆ ಕಣಪ್ಪ ಅಂತ ಹೆಮ್ಮೆಯಿಂದ ಹೇಳಿಕೊಂಡಳು. ಹೌದಾ ಅತ್ತೆ, ಎಲ್ಲಿ ಫೋಟೊ ತೋರಿಸಿ ಅಂದ. ನೋಡಿದ, ಕಣ್ಣಿಗೊತ್ತಿಕೊಂಡ, ಹೋದ. ನಾನು ಎದುರಿಗೇ ಕೂತಿದ್ದೆ. ಮನಸ್ಸು ಬದಲಾಗಿದೆ ಪಾಪ ಅಂದುಕೊಂಡೆ. ನಿನಗೆ ಬರೆಯಬೇಕು ಅಂತಲೂ ಇದ್ದೆ, ಒಂದಾಗುತ್ತೀರೇನೋ ಅಂತ. ನಿನ್ನ ಕಾಗದ ಬಂದ ಮೇಲೆ ನನ್ನ ಬುದ್ಧಿಗೆ ನಾನೇ ಉಗಿದುಕೊಂಡೆ.

ಈಗ ಅತ್ತು ಪ್ರಯೋಜನವಿಲ್ಲ. ಕೆಲಸ ಬಿಡುವುದಿಲ್ಲ ಅನ್ನುತ್ತೀಯ. ಹಾಗಾದರೆ ನನಗೆ ತೋಚಿದ್ದು ಹೇಳುತ್ತೇನೆ. ಚುಕ್ಕೆ ತೋರಿಸುವುದು ರಿಮೋಟ್ ಹಿಡಿದವರನ್ನು ತಾನೆ? ಈ ಹಂಗಾಮು ಮುಗಿಯುವವರೆಗೆ ಅದನ್ನು ಆ ಹೆಂಗಸಿನ ಕೈಗೆ ಕೊಡು. ಹೇಗೂ ಅವಳಿಗೆ ಆಸೆ ಇದೆಯಲ್ಲ. ನೀನು ದೂರದಲ್ಲಿರು. ಅವಳ ಮೇಲೆ ಅವನಿಗೇನು ಹಗೆ? ಬಂದರೂ ಬೇರೆಯವಳು ಅಂತ ನೋಡಿಕೊಂಡು ಹಿಂದಕ್ಕೆ ಹೋಗುತ್ತಾನೆ.

ನಿಮ್ಮಮ್ಮ ಊಟ ಬಿಟ್ಟಿದ್ದಾಳೆ. ಬರೆ.

ಇತಿ,
ರಂಗಸ್ವಾಮಿ

*

ಮೊಸಳೆ
21 ನವೆಂಬರ್ 2025

ಮಗಳು ಭವ್ಯಳಿಗೆ,

ಆಸ್ಪತ್ರೆಯಲ್ಲಿ ನೀನು ನಿಮ್ಮಮ್ಮನನ್ನು ತಬ್ಬಿಕೊಂಡು ಅತ್ತೆ. ನನ್ನ ಕಡೆ ಮುಖ ಎತ್ತಲಿಲ್ಲ. ನಮ್ಮಿಬ್ಬರಿಗೆ ಮಾತಿಗಿಂತ ಕಾಗದವೇ ವಾಸಿ ಅಂತ ಮತ್ತೆ ಬರೆಯುತ್ತಿದ್ದೇನೆ.

ಟಿವಿಯಲ್ಲಿ ಮೊದಲು ಡ್ರೋನ್ ಹಾರಿಸುವ ಮಹಿಳೆಗೆ ಮಚ್ಚಿನೇಟು ಅಂತ ಬಂತು, ಹೆಸರು ಹೇಳಲಿಲ್ಲ. ಒಂದು ಗಂಟೆ ಹೊತ್ತು ನಾವಿಬ್ಬರೂ ಹೇಗಿದ್ದೆವು ಅಂತ ಆ ದೇವರಿಗೆ ಗೊತ್ತು. ಆಮೇಲೆ ಮಾದಮ್ಮ ಅಂತ ಹೆಸರು ಬಂತು. ನಿಮ್ಮಮ್ಮ ಕೈ ಮುಗಿದಳು. ನಾನೂ ಮುಗಿದೆ, ಸುಳ್ಳು ಹೇಳುವುದಿಲ್ಲ. ದೇವರು ದೊಡ್ಡವನು, ನಿನ್ನ ಕೂದಲೂ ಕೊಂಕಲಿಲ್ಲ. ಆ ಹೆಂಗಸಿಗೆ ಹೀಗಾಗಬಾರದಿತ್ತು. ಏನು ಮಾಡುವುದು, ಅವಳ ಗ್ರಹಚಾರ.

ಹರ್ಷ ಜೈಲಿನಲ್ಲಿದ್ದಾನೆ. ಇನ್ನು ನಿನಗೆ ಭಯವಿಲ್ಲ. ಮನೆಗೆ ಬಾ. ಈ ಸಲ ನಿನ್ನನ್ನು ಬಸ್ಸು ಹತ್ತಿಸುವವರು ಯಾರೂ ಇಲ್ಲ, ನನ್ನಾಣೆ.

ಒಂದು ಮಾತು ಕೇಳುತ್ತೇನೆ. ಅವಳ ಕೈಗೆ ರಿಮೋಟ್ ಕೊಟ್ಟಿದ್ದು ನಾನು ಬರೆದಿದ್ದಕ್ಕಾ? ಅಲ್ಲ ಅಂತ ಒಂದು ಸಾಲು ಬರೆದರೆ ಸಾಕು. ನಿದ್ದೆ ಬರುತ್ತಿಲ್ಲ.

ಇತಿ,
ನಿನ್ನ ಅಪ್ಪ

*

ಹಾಸನ
12 ಡಿಸೆಂಬರ್ 2025

ಅಪ್ಪನಿಗೆ,

ಅಲ್ಲ. ನೀವು ಬರೆದಿದ್ದಕ್ಕಲ್ಲ. ನಿಮ್ಮ ಕಾಗದ ಬರುವ ಹೊತ್ತಿಗೆ ನಾನೇ ಯೋಚಿಸಿ ಮುಗಿಸಿದ್ದೆ. ರಿಪೇರಿಯವನ ಅಂಗಳದಲ್ಲಿ ಆ ಚುಕ್ಕೆ ನೋಡುತ್ತಿದ್ದಾಗಲೇ, ಇದು ಮಾದಮ್ಮಕ್ಕನ ಕೈಯಲ್ಲಿದ್ದರೆ ಅಂತ ಅನ್ನಿಸಿತ್ತು. ಆಗ ಥೂ ಅಂದುಕೊಂಡಿದ್ದೆ. ನಿಮ್ಮ ಕಾಗದದಲ್ಲಿ ಅದನ್ನೇ ನೋಡಿದ ಮೇಲೆ ಥೂ ಅನ್ನಿಸಲಿಲ್ಲ. ನಿಮ್ಮ ಪಾಲು ಅಷ್ಟೇ.

ನಡೆದಿದ್ದನ್ನು ನಿನ್ನೆಯವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ, ಪೊಲೀಸರಿಗೂ. ನಿಮಗೆ ಹೇಳುತ್ತೇನೆ.

"ಅಕ್ಕ, ನೀನೇ ಕಲಿ, ಮುಂದೆ ಸಂಘಕ್ಕೆ ಇನ್ನೊಬ್ಬರು ಬೇಕಾಗುತ್ತದೆ" ಅಂತ ರಿಮೋಟ್ ಕೊಟ್ಟೆ. ಅವಳ ಮುಖ ನೋಡಬೇಕಿತ್ತು. ಕೋಟು, ಟೋಪಿ, ಮಾಸ್ಕು ಎಲ್ಲಾ ನನ್ನದೇ ಹಾಕಿಕೊಂಡಳು. "ಎಂಗ್ ಕಾಣ್ತೀನಿ? ಪೈಲೆಟ್ ಕಣ್ಲಾ!" ಅಂತ ಗದ್ದೆಯವರ ಮುಂದೆ ಕುಣಿದಳು. ಮೂರು ವಾರದಲ್ಲಿ ಚೆನ್ನಾಗಿ ಕಲಿತಳು. ನಾನು ಪ್ರತಿದಿನ ಅವಳಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಗೂಡ್ಸ್ ಆಟೊದ ಹಿಂದೆ ಔಷಧಿ ಕಲಸುತ್ತ ಕೂರುತ್ತಿದ್ದೆ.

ಅವತ್ತು ಹೊಳೆನರಸೀಪುರದ ಹತ್ತಿರ, ನಾಲೆಯ ಪಕ್ಕದ ಗದ್ದೆ. ಮಧ್ಯಾಹ್ನ ಮೂರು ಗಂಟೆ ಇರಬಹುದು. ನಾಲೆ ಏರಿಯ ಮೇಲೆ ಬೈಕು ನಿಂತಿತು. ಇಳಿದವನನ್ನು ನೋಡಿದೆ. ಅವನು ಅಪ್ಪಿತಪ್ಪಿಯೂ ತಲೆ ಎತ್ತಲಿಲ್ಲ. ಫೋನ್ ನೋಡಿಕೊಂಡೇ ಬದುವಿನ ಮೇಲೆ ನಡೆದ. ಬದು ತಿರುಗುವಲ್ಲಿ ನಿಂತು ಫೋನ್ ನೋಡಿ ಮತ್ತೆ ನಡೆದ. ನನ್ನ ಕಡೆ ಬೆನ್ನಿತ್ತು. ಮಾದಮ್ಮಕ್ಕನ ಬೆನ್ನು ಅವನ ಕಡೆಗಿತ್ತು. ಡ್ರೋನಿನ ಸದ್ದಿಗೆ ಅವಳಿಗೆ ಏನೂ ಕೇಳುತ್ತಿರಲಿಲ್ಲ.

ನನಗೆ ಬಾಯಿ ಇತ್ತು. ಕೂಗಿದ್ದರೆ ಅವಳಿಗೆ ಕೇಳಿಸದಿದ್ದರೂ ಅವನು ಈ ಕಡೆ ತಿರುಗುತ್ತಿದ್ದ. ತಿರುಗುತ್ತಾನೆ ಅಂತಲೇ ಕೂಗಲಿಲ್ಲ, ಅಪ್ಪ. ಆಟೊದ ಗಾಲಿಯ ಹಿಂದೆ ಕೂತೆ. ಅವಳ ಮುಖ ನೋಡಿ ಹೋಗುತ್ತಾನೆ, ಮುಖ ನೋಡಿ ಹೋಗುತ್ತಾನೆ ಅಂತ ಹೇಳಿಕೊಳ್ಳುತ್ತಿದ್ದೆ. ಅವಳ ಮುಖದ ಮೇಲೆ ನನ್ನ ಮಾಸ್ಕ್ ಇದೆ ಅನ್ನುವುದು ನನಗೆ ಗೊತ್ತೇ ಇತ್ತು.

ಅವನು ಹಿಂದಿನಿಂದಲೇ ಹೊಡೆದ. ಭುಜಕ್ಕೆ ಒಂದು. ಅವಳು ಬಿದ್ದು ಅಡ್ಡ ಹಿಡಿದ ಬಲಗೈಗೆ ಮೂರು. ಆಮೇಲೆ ಬಗ್ಗಿ ಮಾಸ್ಕ್ ಕಿತ್ತ. "ಇವ್ಳಲ್ಲ" ಅಂದನಂತೆ. ಫೋನ್ ಎತ್ತಿ ಇನ್ನೊಂದು ಸಲ ನೋಡಿದ. "ಇಲ್ಲೇ ತೋರುಸ್ತಾದೆ, ಇವ್ಳಲ್ಲ" ಅಂದನಂತೆ. ಗದ್ದೆಯವರು ಓಡಿ ಬಂದು ಹಿಡಿದರು. ಅಷ್ಟು ಹೊತ್ತಿನ ಮೇಲೆ ನಾನು ಎದ್ದು ಬಂದೆ. ಬಂದು, ಎಲ್ಲರಿಗಿಂತ ಜೋರಾಗಿ ಅತ್ತೆ.

ಬಲಗೈಯನ್ನು ಮಣಿಕಟ್ಟಿನಿಂದ ಕೆಳಗೆ ಉಳಿಸಲು ಆಗಲಿಲ್ಲ. ಒಂದು ತಿಂಗಳು ಅವಳ ಮಂಚದ ಪಕ್ಕ ಇದ್ದೆ. ತಲೆ ಬಾಚಿದೆ, ಉಣಿಸಿದೆ. ನೋಡಲು ಬಂದವರೆಲ್ಲ ನನ್ನನ್ನು ಹೊಗಳಿದರು. ಅವಳೇ ನನ್ನ ತಲೆ ಸವರಿ, "ನೀನಿದ್ದಿದ್ರೆ ಕುತ್ಗೇಗೇ ಆಕ್ಬುಡ್ತಿದ್ದ ಕಣವ್ವ, ನಾನಿದ್ದುದ್ದೇ ಒಳ್ಳೇದಾಯ್ತು, ಅಳ್ಬ್ಯಾಡ" ಅನ್ನುತ್ತಿದ್ದಳು. ಆ ಮಾತು ಎಷ್ಟು ದಿನ ಕೇಳುವುದು? ನಿನ್ನೆ ಹೇಳಿಬಿಟ್ಟೆ. ಫೋಟೊ, ನಂಬರು, ಚುಕ್ಕೆ, ಯಾಕೆ ಕಲಿಸಿದೆ ಅನ್ನುವುದು, ಎಲ್ಲಾ.

ಅವಳು ಫ್ಯಾನ್ ನೋಡುತ್ತ ಮಲಗಿದ್ದಳು. "ಅವ್ನು ಬತ್ತಿದ್ದುದ್ದ ನೋಡ್ದಾ?" ಅಂದಳು.

"ನೋಡಿದೆ ಅಕ್ಕ."

"ಕೂಗ್ದಾ?"

"ಇಲ್ಲ."

ಪಕ್ಕದ ಮಂಚದವರ ಮನೆಯವರು ಬಂದು ಕಾಫಿ ಬೇಕಾ ಅಂತ ಕೇಳಿ ಹೋದರು.

"ಸಂಘದೋರ್ಗೆ ಏಳ್ಬ್ಯಾಡ" ಅಂದಳು. "ಲೈಸನ್ ಇಲ್ದೋಳ್ಗೆ ನೀನೇ ಕೊಟ್ಟಿದ್ದು ಅಂತ ಬಾಯ್ಬುಟ್ರೆ ಡ್ರೋನ್ ಕಿತ್ಗಂಡ್ ಓಯ್ತಾರೆ. ಅನ್ನೊಂದು ಎಣ್ಮಕ್ಳು ಅವ್ರೆ. ನಾನೇ ಕಿತ್ಕಂಡು ಆರಿಸ್ದೆ, ತಪ್ಪು ನಂದೇ ಅಂತೀನಿ. ನೀನು ಓಗು. ನನ್ ಕಣ್ಮುಂದೆ ಬರ್ಬ್ಯಾಡ."

ಮನೆಗೆ ಬರುವುದಿಲ್ಲ, ಅಪ್ಪ. ಅಮ್ಮ ತೆಗೆದಿಟ್ಟ ಸೀರೆಯನ್ನು ಕಳಿಸಬೇಡಿ. ಎಲ್ಲಿ ಇರುತ್ತೇನೆ ಅಂತ ನನಗಿನ್ನೂ ಗೊತ್ತಿಲ್ಲ. ಹೆದರಿ ಹೀಗೆ ಬರೆಯುತ್ತಿಲ್ಲ, ಈಗ ಹೆದರುವುದಕ್ಕೆ ಯಾರೂ ಇಲ್ಲ.

ಹೊರಡುವ ಮೊದಲು ಮಾತ್ರೆಯ ಹೊತ್ತಾಗಿತ್ತು. ಲೋಟಕ್ಕೆ ನೀರು ಬಗ್ಗಿಸಿ, ದಿನವೂ ಕುಡಿಸುವ ಹಾಗೆ ಅವಳ ತುಟಿಯ ಹತ್ತಿರ ಹಿಡಿದೆ. ಅವಳು ಎಡಗೈ ಚಾಚಿ ಲೋಟ ಕಸಿದುಕೊಂಡಳು. ಎಡಗೈ ರೂಢಿಯಿಲ್ಲದೆ ಅರ್ಧ ನೀರು ಕುತ್ತಿಗೆಗೆ, ರವಿಕೆಗೆ ಚೆಲ್ಲಿತು. ಒರೆಸಲು ಟವೆಲ್ ತೆಗೆದುಕೊಂಡೆ. ನನ್ನನ್ನು ಮುಟ್ಟಿಸಿಕೊಳ್ಳಲಿಲ್ಲ. ಉಳಿದ ನೀರನ್ನು ಒಬ್ಬಳೇ ಕುಡಿದಳು.

ಭವ್ಯ